ಆ ಕೋತಿಯ ತಲೆಪಟ್ಟಿ ಬಿಚ್ಚಿದ್ದು ಯಾರು? ಸುನ್ ವುಕಾಂಗ್ ಜಗಳದ ಹಿಂದೆ ಮುಂದೆ

ಏನಿದು ಗಲಾಟೆ

2024ರ ಆಗಸ್ಟ್ 20ಕ್ಕೆ ಚೀನಾದಿಂದ ಬ್ಲ್ಯಾಕ್ ಮಿಥ್: ವುಕಾಂಗ್ ಅಂತ ಒಂದು ವಿಡಿಯೋ ಗೇಮ್ ಬಂತು, ಮೂರೇ ದಿನದಲ್ಲಿ 1 ಕೋಟಿ ಕಾಪಿ ಖರ್ಚಾಗಿಹೋಯ್ತು. ಆಡೋಕೆ ಕೂತವರಿಗೆ ಕಥೆ ಶುರುವಲ್ಲೇ ಒಂದು ಶಾಕ್. ಮೂಲ ಕಥೆಯಲ್ಲಿ, ಅಂದ್ರೆ ಪಶ್ಚಿಮ ಯಾತ್ರೆ ಅನ್ನೋ ಹಳೇ ಚೀನೀ ಕಾದಂಬರಿಯಲ್ಲಿ, ಕೋತಿ ಸುನ್ ವುಕಾಂಗ್ ಕೊನೆಗೆ ಬುದ್ಧ ಆಗ್ತಾನೆ, ಅಲ್ಲಿಗೆ ಶುಭಂ. ಗೇಮಲ್ಲಿ ಆ ಪದವಿ ಬೇಡ ಅಂತ ಬಿಸಾಕಿ ತನ್ನ ಬೆಟ್ಟಕ್ಕೆ ವಾಪಸ್ ಹೋಗಿರ್ತಾನೆ, ದೇವಲೋಕದ ಸೈನ್ಯ ಹುಡುಕ್ಕೊಂಡು ಬಂದು ಅವನನ್ನ ಬಡಿದು ಹಾಕುತ್ತೆ. ಆಟದ ಕೊನೆಯಲ್ಲಿ ಎರಡು ಎಂಡಿಂಗ್ ಇದೆ. ಒಂದರಲ್ಲಿ ನೀವು ಆಡ್ತಿರೋ ಹೊಸ ಕೋತಿಯ ತಲೆಗೆ ಚಿನ್ನದ ಪಟ್ಟಿ (ಮೂಲ ಕಥೆಯಲ್ಲಿ ವುಕಾಂಗ್‌ನ ಅಂಕೆಯಲ್ಲಿಡೋಕೆ ಅವನ ಗುರು ಮಂತ್ರ ಹೇಳಿ ನೋವು ಕೊಡೋ ಪಟ್ಟಿ) ತೊಡಿಸ್ತಾರೆ, ಇನ್ನೊಂದರಲ್ಲಿ ತೊಡಿಸಲ್ಲ. ಎರಡನೇದು ಸುಲಭಕ್ಕೆ ಸಿಗಲ್ಲ, ಬೆವರು ಸುರಿಸಬೇಕು, ಹಂಗಾಗಿ ಅದೇ ಅಸಲಿ ಎಂಡಿಂಗ್ ಅಂತ ಆಟಗಾರರ ಲೆಕ್ಕ.

ಮುಂದಿನ ವರ್ಷ 2025ರ ಆಗಸ್ಟಲ್ಲಿ ಶಾಂಘೈ ಅನಿಮೇಷನ್ ಸ್ಟುಡಿಯೋದಿಂದ ನೋಬಡಿ ಅಂತ ಕಾರ್ಟೂನ್ ಸಿನಿಮಾ ಬಂತು. ಅದರಲ್ಲಿ ಹೀರೋನೇ ಸುನ್ ವುಕಾಂಗ್ ಅಲ್ಲ, ಯಾವುದೋ ಬೆಟ್ಟದಲ್ಲಿ ಕೂಲಿ ಮಾಡೋ ಒಂದು ಹಂದಿ ರಾಕ್ಷಸ ಮತ್ತವನ ಮೂರು ಜನ ಫ್ರೆಂಡ್ಸು. ಅದೂ 100 ಕೋಟಿ ಯುವಾನ್ ದಾಟಿ ಹೋಯ್ತು.

ಈಗ ಎಲ್ಲರಿಗೂ ಇರೋ ಗೊಂದಲ ಏನಂದ್ರೆ, ಈ ಕಥೆ ಹೇಳ್ತಿರೋದಾದ್ರೂ ಏನು? ಒಬ್ಬ ಕಿಡಿಗೇಡಿ ಕೋತಿ ಪಕ್ವವಾಗಿ ಬುದ್ಧ ಆದ ಕಥೆನಾ, ಇಲ್ಲ ಸ್ವತಂತ್ರವಾಗಿದ್ದ ಒಬ್ಬನನ್ನ ಹಿಡಿದು ಪಳಗಿಸಿ ಕೊನೆಗೊಂದು ಪದವಿ ಕೊಟ್ಟು ಬಾಯಿ ಮುಚ್ಚಿಸಿದ ಕಥೆನಾ? ಜಗಳ ಬಂದು ನಿಲ್ಲೋದು ಆ ತಲೆಪಟ್ಟಿ ಹತ್ರನೇ. ಆ ಪಟ್ಟಿ ಸಂಸ್ಕಾರನಾ, ಸಂಕೋಲೆನಾ?

ಹಿನ್ನೆಲೆ, ಬೇಗ ಹೇಳಿಬಿಡೋಣ

ಮೂಲ ಕಾದಂಬರಿ ಹೆಸರು ಶಿ ಯೌ ಜಿ, ಅಂದ್ರೆ ಪಶ್ಚಿಮ ಯಾತ್ರೆ. ಒಟ್ಟು 100 ಅಧ್ಯಾಯ. ಈಗ ಉಳಿದಿರೋದರಲ್ಲಿ ಹಳೇ ಮುದ್ರಣ 1592ರದ್ದು, ನಾನ್‌ಜಿಂಗ್‌ನಲ್ಲಿ ಅಚ್ಚಾಗಿದ್ದು, ಅದರಲ್ಲಿ ಲೇಖಕರ ಹೆಸರೇ ಇಲ್ಲ. ವು ಚೆಂಗನ್ ಬರೆದಿದ್ದು ಅಂತ ಸಾಮಾನ್ಯವಾಗಿ ಹೇಳ್ತಾರೆ, ಆದ್ರೆ ಆ ಮಾತು ಗಟ್ಟಿಯಾಗಿದ್ದು 1920ರ ದಶಕದಲ್ಲಿ, ವಿದ್ವಾಂಸರಲ್ಲಿ ಇವತ್ತಿಗೂ ಒಮ್ಮತ ಇಲ್ಲ.

ಕಥೆಯ ಬುಡದಲ್ಲಿ ಇರೋದು ನಿಜವಾದ ಮನುಷ್ಯ, ನಮ್ಮ ಸ್ಕೂಲ್ ಪುಸ್ತಕದಲ್ಲಿ ಓದಿದ ಹ್ಯುಯೆನ್ ತ್ಸಾಂಗ್. 7ನೇ ಶತಮಾನದಲ್ಲಿ ಗಡಿ ದಾಟೋಕೆ ಪರ್ಮಿಷನ್ ಇಲ್ಲದಿದ್ರೂ ಕದ್ದು ಹೊರಟು, ನಳಂದಾದಲ್ಲಿ ಓದಿ, 645ರಲ್ಲಿ 657 ಗ್ರಂಥ ಹೊತ್ಕೊಂಡು ವಾಪಸ್ ಹೋದ ಭಿಕ್ಷು. ಇಮ್ಮಡಿ ಪುಲಕೇಶಿಯನ್ನ ಹರ್ಷನ ಕೈಲೂ ಸೋಲಿಸೋಕೆ ಆಗಲಿಲ್ಲ ಅಂತ ಬರೆದಿಟ್ಟವನು ಇವನೇ, ಸೋತು ಬಂದ ಸೇನಾಪತಿಗೆ ಹೆಂಗಸರ ಬಟ್ಟೆ ಕೊಡ್ತಾರೆ, ಯುದ್ಧಕ್ಕೆ ಮುಂಚೆ ಆನೆಗೆ ಹೆಂಡ ಕುಡಿಸ್ತಾರೆ ಅಂತೆಲ್ಲ ಬರೆದವನೂ ಇವನೇ. ಅಷ್ಟು ಗಟ್ಟಿಗ. ಆದ್ರೆ 900 ವರ್ಷದ ಮೇಲೆ ಬಂದ ಕಾದಂಬರಿಯಲ್ಲಿ ಇದೇ ಮನುಷ್ಯ ಹುಲಿ ಕಂಡ್ರೆ ಕುದುರೆಯಿಂದ ಬೀಳೋ, ಮಾತುಮಾತಿಗೂ ಅಳೋ ಗುರು ಆಗಿಬಿಟ್ಟಿದ್ದಾನೆ. ಈ ಬದಲಾವಣೆ ಸುಮ್ಮನೆ ಆಗಿದ್ದಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಕಾದಂಬರಿಯಲ್ಲಿ ಬುದ್ಧನ ಹತ್ರ ಗ್ರಂಥ ತರೋಕೆ ಗುರು ಜೊತೆ ಹೊರಡೋ ಎಲ್ಲರೂ ಶಿಕ್ಷೆ ಆದವರೇ. ಕಲ್ಲಿನಿಂದ ಹುಟ್ಟಿದ ಕೋತಿ ಸುನ್ ವುಕಾಂಗ್ ದೇವಲೋಕವನ್ನೇ ಪುಡಿಗಟ್ಟಿ ಬೆಟ್ಟದ ಕೆಳಗೆ 500 ವರ್ಷ ಸಿಕ್ಕಾಕ್ಕೊಂಡಿದ್ದವನು. ಹಂದಿಮುಖದ ಝು ಬಾಜಿಯೆ ಮೊದಲು ದೇವಸೇನಾಪತಿ, ಕುಡಿದು ಚಂದ್ರಲೋಕದ ಚಾಂಗ್‌ಅ ಮೇಲೆ ಕೈ ಹಾಕೋಕೆ ಹೋಗಿ ಕೆಳಗೆ ಬಿದ್ದವನು. ಶಾ ವುಜಿಂಗ್ ಔತಣದಲ್ಲಿ ಒಂದು ಸ್ಫಟಿಕದ ಬಟ್ಟಲು ಒಡೆದಿದ್ದಕ್ಕೆ ನದಿಗೆ ಬಿದ್ದವನು, ಪಾಪ. ಬಿಳಿ ಕುದುರೆ ಕೂಡ ಶಾಪಗ್ರಸ್ತ ನಾಗರಾಜನ ಮಗ. ಗುರುವೇ ಹಿಂದಿನ ಜನ್ಮದಲ್ಲಿ ಬುದ್ಧನ ಎರಡನೇ ಶಿಷ್ಯ, ಪಾಠ ನಡೀವಾಗ ಗಮನ ಕೊಡದೆ ಉದಾಸೀನ ಮಾಡಿ ಭೂಮಿಗೆ ಬಂದವನು. ಒಳ್ಳೆಯವರು ಸೇರಿ ಯಾತ್ರೆ ಹೊರಟಿದ್ದಲ್ಲ, ಎಡವಿದವರನ್ನೆಲ್ಲ ಒಟ್ಟು ಹಾಕಿ ಕಳಿಸಿದ್ದು.

ಕೋತಿ ಅಂದ್ರೆ ಮನಸ್ಸು

ಈ ಜಗಳ ಅರ್ಥ ಆಗ್ಬೇಕಂದ್ರೆ ಒಂದು ವಿಷಯ ಗೊತ್ತಿರ್ಬೇಕು. ಕಾದಂಬರಿಯ ಅಧ್ಯಾಯದ ತಲೆಬರಹಗಳಲ್ಲಿ ವುಕಾಂಗ್‌ನ ಎಷ್ಟೋ ಕಡೆ ಹೆಸರಿಟ್ಟು ಕರೆಯೋದೇ ಇಲ್ಲ, "ಮನ-ಮರ್ಕಟ" ಅಂತಾರೆ. ಬೌದ್ಧ ಗ್ರಂಥಗಳ ಜೊತೆ ಇಲ್ಲಿಂದಲೇ ಅಲ್ಲಿಗೆ ಹೋದ ಹೋಲಿಕೆ ಇದು, ಬಸವಣ್ಣನ "ಕೊಂಬೆಯ ಮೇಲಣ ಮರ್ಕಟ" ಓದಿದವರಿಗೆ ಬಿಡಿಸಿ ಹೇಳೋದೇನೂ ಇಲ್ಲ. ವುಕಾಂಗ್ ಅನ್ನೋ ಹೆಸರಿನ ಅರ್ಥವೇ ಶೂನ್ಯವನ್ನ ಅರಿತವನು ಅಂತ.

ಲೇಖಕ ಇದನ್ನ ಎಷ್ಟು ಕಿಲಾಡಿತನದಿಂದ ಬಚ್ಚಿಟ್ಟಿದ್ದಾನೆ ನೋಡಿ. ಕೋತಿ ವಿದ್ಯೆ ಕಲಿಯೋಕೆ ಹೋಗೋ ಗುಹೆ ಹೆಸರು "ಓರೆ ಚಂದ್ರ, ಮೂರು ನಕ್ಷತ್ರ". ಚೀನೀ ಲಿಪಿಯಲ್ಲಿ ಹೃದಯ, ಮನಸ್ಸು ಎರಡಕ್ಕೂ ಒಂದೇ ಅಕ್ಷರ, ಅದನ್ನ ಬರೆಯೋದು ಹೆಂಗೆ ಅಂದ್ರೆ ಚಂದ್ರನ ಥರ ಒಂದು ಕೊಕ್ಕೆ, ಸುತ್ತ ಮೂರು ಚುಕ್ಕಿ. ಅಂದ್ರೆ ಕೋತಿ ದೇಶ ಸುತ್ತಿ ಸಮುದ್ರ ದಾಟಿ ಹೋಗಿದ್ದು ಮನಸ್ಸಿನೊಳಕ್ಕೇ.

400 ವರ್ಷದ ಹಿಂದೇನೇ ಶಿಯೆ ಝಾವೊಝೆ ಅನ್ನೋ ವಿದ್ವಾಂಸ ಹಿಂಗೇ ಓದಿದ್ದ. ಕೋತಿ ಮನಸ್ಸು, ಹಂದಿ ಅಂಕೆ ಇಲ್ಲದೆ ಓಡೋ ಇಚ್ಛೆ, ಮೊದಲು ಸ್ವರ್ಗ ಪಾತಾಳ ಎಲ್ಲಾ ಕಡೆ ಹಾರಾಡಿದ್ದು ಕೊನೆಗೆ ತಲೆಪಟ್ಟಿಯ ಒಂದು ಮಂತ್ರಕ್ಕೆ ಬಗ್ಗುತ್ತೆ, ಕಳೆದುಹೋದ ಮನಸ್ಸನ್ನ ಹುಡುಕಿ ತರೋ ದೃಷ್ಟಾಂತ ಇದು ಅಂತ. ಆಮೇಲೆ ಬಂದ ಟೀಕಾಕಾರರು ಅವರವರ ಮತಕ್ಕೆ ತಕ್ಕ ಹಾಗೆ ಎಳೆದಾಡಿದ್ರು, ದಾವೋ ಪಂಥದವರು ಯೋಗಸಾಧನೆ ಅಂದ್ರು, ಕನ್‌ಫ್ಯೂಷಿಯಸ್ ಕಡೆಯವರು ಶೀಲಸಾಧನೆ ಅಂದ್ರು. 1923ರಲ್ಲಿ ಹು ಶಿ ಅನ್ನೋ ಚೀನೀ ವಿದ್ವಾಂಸ ಬಂದು ಇವರೆಲ್ಲ ಸೇರಿ ಪುಸ್ತಕ ಹಾಳು ಮಾಡಿದ್ರು, ಇದೊಂದು ತಮಾಷೆ ಕಾದಂಬರಿ, ನಕ್ಕು ಓದಿ ಅಂದ. ಅದರಲ್ಲೂ ಸತ್ಯ ಇದೆ, ಓದ್ತಾ ಓದ್ತಾ ನಗು ಬರದಿದ್ರೆ ತಪ್ಪು ಪುಸ್ತಕ ಹಿಡ್ಕೊಂಡಿದೀರ ಅಂತ ಅರ್ಥ.

ಪಟ್ಟಿ ಬಿದ್ದ ದಿನ

14ನೇ ಅಧ್ಯಾಯ. ಬೆಟ್ಟದಿಂದ ಹೊರಗೆ ಬಂದ ವುಕಾಂಗ್ ಗುರು ಜೊತೆ ಹೊರಟು ಸ್ವಲ್ಪ ದೂರ ಹೋಗಿರ್ತಾನೆ, ದಾರಿಯಲ್ಲಿ ಆರು ಜನ ಕಳ್ಳರು ಅಡ್ಡ ಹಾಕ್ತಾರೆ. ಅವರ ಹೆಸರು ಕೇಳಿ: ಒಬ್ಬ ಕಣ್ಣು ಕಂಡು ಹಿಗ್ಗೋನು, ಒಬ್ಬ ಕಿವಿ ಕೇಳಿ ಸಿಟ್ಟಾಗೋನು, ಮೂಗಿನ ಮೋಹ ಒಬ್ಬ, ನಾಲಿಗೆ ಚಪಲ ಒಬ್ಬ, ಮನಸ್ಸಿನ ಆಸೆ ಒಬ್ಬ, ದೇಹದ ದುಃಖ ಒಬ್ಬ. ಅಂದ್ರೆ ಪಂಚೇಂದ್ರಿಯ ಪ್ಲಸ್ ಮನಸ್ಸು. ಗೇಮಲ್ಲಿ ಹುಡುಕ್ಕೊಂಡು ಹೋಗೋ ಆರು ಅವಶೇಷ ಇದೆಯಲ್ಲ, ಅವುಗಳ ಹೆಸರು ಬಂದಿರೋದೂ ಇಲ್ಲಿಂದಲೇ.

ಕೋತಿ ಆರೂ ಜನರನ್ನ ಅಟ್ಟಿಸಿಕೊಂಡು ಹೋಗಿ ಒಬ್ಬೊಬ್ಬರನ್ನಾಗಿ ಹೊಡೆದು ಕೊಂದು, ಅವರ ಬಟ್ಟೆ ದುಡ್ಡು ಕಿತ್ಕೊಂಡು ನಗ್ತಾ ಬರ್ತಾನೆ. ಗುರು ಬೈತಾನೆ, ಕೋತಿಗೆ ಸಿಟ್ಟು ಬಂದು ಬಿಟ್ಟು ಹೋಗ್ತಾನೆ. ಅರ್ಥ ಮಾಡ್ಕೊಂಡ್ರೆ ಇಲ್ಲಿ ಮಜಾ ಇದೆ, ಇಂದ್ರಿಯ ಗೆಲ್ಲೋದು ಅಂದ್ರೆ ದೊಣ್ಣೆ ತಗೊಂಡು ಚಚ್ಚಿ ಹಾಕೋದು ಅಂತ ಅವನು ತಿಳ್ಕೊಂಡಿದ್ದಾನೆ, ಕೆಲಸ ಆಯ್ತು ಅಂದ್ಕೊಂಡ ಮರುಕ್ಷಣವೇ "ಕಿವಿ ಕೇಳಿ ಸಿಟ್ಟಾಗೋನು" ಅವನೊಳಗೇ ಎದ್ದು ಕೂತಿದ್ದಾನೆ.

ಸಿಟ್ಟು ಮಾಡ್ಕೊಂಡು ಸಮುದ್ರದ ನಾಗರಾಜನ ಮನೆಗೆ ಹೋದ್ರೆ ಗೋಡೆ ಮೇಲೊಂದು ಚಿತ್ರ. ಝಾಂಗ್ ಲಿಯಾಂಗ್ ಅನ್ನೋ ಹುಡುಗ ಸೇತುವೆ ಮೇಲೆ ಮುದುಕನೊಬ್ಬ ಬೇಕಂತಲೇ ಬೀಳಿಸಿದ ಚಪ್ಪಲಿಯನ್ನ ಮೂರು ಸಲ ಎತ್ತಿಕೊಡೋ ಚಿತ್ರ. ಮುಂದೆ ಆ ಹುಡುಗನೇ ಸಾಮ್ರಾಜ್ಯ ಕಟ್ಟಿದ ಮಂತ್ರಿ. ನಾಗರಾಜ ಕಥೆ ಹೇಳ್ತಾನೆ, ಕೋತಿ ಸ್ವಲ್ಪ ಹೊತ್ತು ಮಾತಾಡದೆ ಕೂತಿದ್ದು, ಸರಿ ವಾಪಸ್ ಹೋಗ್ತೀನಿ ಅಂತ ಎದ್ದುಬಿಡ್ತಾನೆ. ಇದನ್ನ ನೆನಪಲ್ಲಿಟ್ಕೊಳ್ಳಿ, ತಾನಾಗೇ ವಾಪಸ್ ಬರ್ತಿದ್ದಾನೆ, ಪಟ್ಟಿ ಇನ್ನೂ ಬಿದ್ದಿಲ್ಲ.

ಅಷ್ಟರಲ್ಲಿ ಇತ್ತ ಗುವಾನ್‌ಯಿನ್, ಅಂದ್ರೆ ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ, ಗುರು ಕೈಗೆ ಒಂದು ಟೋಪಿ ಕೊಟ್ಟು ಮಂತ್ರ ಹೇಳ್ಕೊಟ್ಟಾಗಿದೆ. ಕೋತಿ ಬಂದು ಗಂಟು ಬಿಚ್ಚಿ ನೋಡಿ ಇದೇನು ಅಂತ ಕೇಳ್ತಾನೆ, ಗುರು ಹೇಳ್ತಾನೆ, ಈ ಟೋಪಿ ಹಾಕ್ಕೊಂಡ್ರೆ ಯಾರೂ ಕಲಿಸದೇನೇ ಮಂತ್ರ ಎಲ್ಲಾ ಬಂದುಬಿಡುತ್ತೆ. ಶುದ್ಧ ಸುಳ್ಳು. ಕೋತಿ ಶಾರ್ಟ್‌ಕಟ್ ಆಸೆಗೆ ತಾನೇ ಎತ್ತಿ ತಲೆಗೆ ಹಾಕ್ಕೊಳ್ತಾನೆ. ಟೋಪಿ ಒಳಗಿದ್ದ ಪಟ್ಟಿ ಚರ್ಮಕ್ಕೆ ಬೇರು ಬಿಡುತ್ತೆ, ಮಂತ್ರ ಹೇಳಿದ್ರೆ ತಲೆ ಸಿಡಿಯೋ ನೋವು.

ಸಂಕೋಲೆ ಅನ್ನೋರ ವಾದ

ಇವರದ್ದು ಬರೀ ಸಿಟ್ಟಿನ ಮಾತಲ್ಲ, ಪುಸ್ತಕದಲ್ಲೇ ಆಧಾರ ಇದೆ. ಮೇಲೆ ನೋಡಿದ ಹಾಗೆ ಪಟ್ಟಿ ತೊಡಿಸಿದ್ದು ಮೋಸದಿಂದ, ಅದೂ ಸುಳ್ಳು ಹೇಳಬಾರದು ಅಂತ ವ್ರತ ತಗೊಂಡ ಸನ್ಯಾಸಿ ಬಾಯಿಂದ. ಇನ್ನು ದಾರಿ ತುಂಬ ಬರೋ ರಾಕ್ಷಸರನ್ನ ನೋಡಿ. ಚಿನ್ನದ ಕೊಂಬು, ಬೆಳ್ಳಿ ಕೊಂಬಿನವರು ಲಾವೋಜುನ್ ದೇವರ ಕುಲುಮೆ ಕಾಯೋ ಹುಡುಗರು. ನೀಲಿ ಎತ್ತು ಅದೇ ದೇವರ ವಾಹನ. ನಕಲಿ ಬುದ್ಧ ಆಗಿ ಕೂತ ಹಳದಿ ಹುಬ್ಬಿನವನು ಮುಂದೆ ಬರಲಿರೋ ಬುದ್ಧ ಮೈತ್ರೇಯನ ಸೇವಕ. ಸಿಂಹ-ಒಂಟೆ ಬೆಟ್ಟದ ಮೂವರಲ್ಲಿ ಒಬ್ಬ ಮಂಜುಶ್ರೀ ಬೋಧಿಸತ್ವನ ವಾಹನ, ಇನ್ನೊಬ್ಬ ಸಮಂತಭದ್ರ ಬೋಧಿಸತ್ವನ ವಾಹನ, ಮೂರನೇ ಹಕ್ಕಿಯಂತೂ ಲೆಕ್ಕ ಹಾಕಿದ್ರೆ ಬುದ್ಧನಿಗೇ ಸೋದರಮಾವ ಆಗ್ಬೇಕು. ಇವರನ್ನೆಲ್ಲ ವುಕಾಂಗ್ ಹೊಡೆಯೋಕೆ ದೊಣ್ಣೆ ಎತ್ತೋ ಹೊತ್ತಿಗೆ ಸರಿಯಾಗಿ ಮೇಲಿಂದ ಓನರ್ ಬಂದು ಕರ್ಕೊಂಡು ಹೋಗ್ತಾನೆ. ಬಿಳಿ ಎಲುಬಿನ ಹೆಣ್ಣು ರಾಕ್ಷಸಿಗೆ ಹಿಂದೆ ಯಾರೂ ಇರಲಿಲ್ಲ, ಸತ್ತಳು. ಬೆನ್ನಿಗೆ ಜನ ಇರೋ ರಾಕ್ಷಸರು ಮನೆಗೆ ಹೋದ್ರು, ಇಲ್ಲದವರು ಏಟು ತಿಂದು ಸತ್ರು ಅನ್ನೋದು ಚೀನೀ ಇಂಟರ್ನೆಟ್‌ನಲ್ಲಿ ಸವೆದು ಹೋದ ಜೋಕು. ಆಫೀಸಲ್ಲಿ ದುಡಿದು ಸಾಯ್ತಿರೋ ಹುಡುಗರಿಗೆ ಇದು ಯಾಕೆ ನಾಟುತ್ತೆ ಅಂತ ಕೇಳಬೇಕಾಗಿಲ್ಲ.

ಕೊನೆಗೆ ಬುದ್ಧನ ಬಾಗಿಲಿಗೆ ಬಂದ್ರೂ ಅದೇ ಕಥೆ. 98ನೇ ಅಧ್ಯಾಯದಲ್ಲಿ ಗ್ರಂಥ ಕೊಡೋ ಬುದ್ಧನ ಶಿಷ್ಯರು ಆನಂದ, ಕಾಶ್ಯಪ ಇಬ್ಬರೂ ನಮಗೇನು ತಂದಿದೀರ ಅಂತ ಕೇಳ್ತಾರೆ, ಅಂದ್ರೆ ಲಂಚ. ಇಲ್ಲ ಅಂದಿದ್ದಕ್ಕೆ ಖಾಲಿ ಹಾಳೆ ಕಟ್ಟಿ ಕಳಿಸ್ತಾರೆ. ದೂರು ಕೊಟ್ರೆ ಬುದ್ಧ ನಕ್ಕು, ಗ್ರಂಥ ಬಿಟ್ಟಿ ಕೊಡೋಕಾಗುತ್ತಾ ಅಂತಾನೆ. ಗುರು ತನ್ನ ಭಿಕ್ಷಾಪಾತ್ರೆ ಕೊಟ್ಟ ಮೇಲೇ ಅಕ್ಷರ ಇರೋ ಗ್ರಂಥ ಕೈಗೆ ಬಂದಿದ್ದು. ಇಂಥಾ ಆಡಳಿತಕ್ಕೆ ತಲೆ ಬಗ್ಗಿಸೋದೇ ಆಧ್ಯಾತ್ಮನಾ ಅಂತ ಇವರು ಕೇಳಿದ್ರೆ ಪ್ರಶ್ನೆ ನ್ಯಾಯವಾದ್ದೇ.

ಇದರ ಜೊತೆಗೆ ಒಂದು ಪಿತೂರಿ ಥಿಯರಿನೂ ಓಡ್ತಿದೆ. 57, 58ನೇ ಅಧ್ಯಾಯದಲ್ಲಿ ವುಕಾಂಗ್‌ನ ಪಡಿಯಚ್ಚು ಒಂದು ಬರುತ್ತೆ, ಆರು ಕಿವಿಯ ಕೋತಿ. ದೇವಲೋಕ ಪಾತಾಳ ಎಲ್ಲಾ ಸುತ್ತಿದ್ರೂ ಯಾರೂ ಅಸಲಿ ಯಾರು ಅಂತ ಹೇಳಲ್ಲ, ಬುದ್ಧ ಗುರುತಿಸ್ತಾನೆ, ವುಕಾಂಗ್ ನಕಲಿಯನ್ನ ಕೊಲ್ತಾನೆ. ಥಿಯರಿ ಪ್ರಕಾರ ಅವತ್ತು ಸತ್ತಿದ್ದೇ ಅಸಲಿ, ಆಮೇಲೆ ಯಾತ್ರೆ ಮುಗಿಸಿದ್ದು ಹೇಳಿದಂತೆ ಕೇಳೋ ನಕಲಿ. ಕೇಳೋಕೆ ರೋಚಕವಾಗಿದೆ, ಆದ್ರೆ ಪುಸ್ತಕ ಅದನ್ನ ಒಪ್ಪಲ್ಲ. ಆ ಅಧ್ಯಾಯದ ತಲೆಬರಹದಲ್ಲೇ "ಎರಡು ಮನಸ್ಸು" ಅಂತ ಬರೆದಿದೆ. ಒಂದೇ ಮನಸ್ಸು ಎರಡಾಗಿ ಬಡಿದಾಡೋ ಕಥೆ ಅದು, ಕೊಂದಿದ್ದೂ ತನ್ನದೇ ಇನ್ನೊಂದು ಅರ್ಧನ.

ರಾಜಕೀಯಕ್ಕೂ ಇದು ಹೊಸದಲ್ಲ. 1961ರಲ್ಲಿ ಬಿಳಿ ಎಲುಬಿನ ರಾಕ್ಷಸಿ ನಾಟಕ ನೋಡಿದ ಕವಿ ಗುವೋ ಮೊರುವೋ, ಆ ಮಂಕು ಗುರುವನ್ನ ಸೀಳಿ ಹಾಕಬೇಕು ಅನ್ನೋ ಧಾಟಿಯಲ್ಲಿ ಪದ್ಯ ಬರೆದ, ಅದಕ್ಕೆ ಮಾವೋ ಝೆಡಾಂಗ್ ಪದ್ಯದಲ್ಲೇ ಉತ್ತರ ಕೊಟ್ಟು ಗುರು ದಡ್ಡ ಇರಬಹುದು, ತಿದ್ದೋಕೆ ಆಗುತ್ತೆ, ರಾಕ್ಷಸಿಯನ್ನ ಮಾತ್ರ ಬಿಡಬಾರದು ಅಂದ. ಕೋತಿ ಆಗ ಕ್ರಾಂತಿಕಾರಿ, ಈಗ ಬೇಸತ್ತ ಉದ್ಯೋಗಿ. ಕಾಲಕ್ಕೆ ತಕ್ಕ ಕೋತಿ.

ಬೆಳೆದಿದ್ದು ಎಲ್ಲಿ ಅಂತ ಹುಡುಕಿದ್ರೆ

ಸಂಕೋಲೆ ವಾದದ ಒಂದು ದೊಡ್ಡ ತೊಂದರೆ ಅಂದ್ರೆ ಅದು ಮೊದಲ 7 ಅಧ್ಯಾಯದ ಗಲಾಟೆ, ಕೊನೆಯ ಪದವಿ, ಇವೆರಡನ್ನೇ ಹಿಡ್ಕೊಂಡು ಮಧ್ಯದ್ದನ್ನ ಬಿಟ್ಟುಬಿಡುತ್ತೆ. ಬದಲಾವಣೆ ಆಗೋದೆಲ್ಲ ಮಧ್ಯದಲ್ಲೇ, ಅದೂ ತುಂಬ ಸಣ್ಣ ಸಣ್ಣ ಜಾಗದಲ್ಲಿ.

27ನೇ ಅಧ್ಯಾಯ ತಗೊಳ್ಳಿ. ರಾಕ್ಷಸಿ ಒಮ್ಮೆ ಹುಡುಗಿ, ಒಮ್ಮೆ ಮುದುಕಿ, ಒಮ್ಮೆ ಮುದುಕ ಆಗಿ ಬರ್ತಾಳೆ, ವುಕಾಂಗ್ ಮೂರು ಸಲಾನೂ ಗುರುತಿಸಿ ಹೊಡೀತಾನೆ, ಗುರುಗೆ ಮಾತ್ರ ಮೂರು ಮನುಷ್ಯರ ಕೊಲೆ ಕಾಣುತ್ತೆ, ಹಂದಿ ಬಾಜಿಯೆ ಪಕ್ಕದಲ್ಲಿ ನಿಂತು ಚಾಡಿ ಹೇಳ್ತಾನೆ. ಗುರು ಕಾಗದ ಮಸಿ ತಗೊಂಡು "ನೀನು ನನ್ನ ಶಿಷ್ಯ ಅಲ್ಲ" ಅಂತ ಬರೆದು ಕೊಟ್ಟುಬಿಡ್ತಾನೆ. ಕೋತಿ ಹೋಗೋ ಮುಂಚೆ ಒಂದು ನಮಸ್ಕಾರ ಮಾಡ್ತೀನಿ ಅಂದ್ರೆ ಗುರು ಮುಖ ತಿರುಗಿಸ್ತಾನೆ. ಆಗ ಇವನು ತಲೆಯಿಂದ ಮೂರು ಕೂದಲು ಕಿತ್ತು ಊದಿ ಇನ್ನೂ ಮೂರು ವುಕಾಂಗ್ ಮಾಡಿ, ನಾಲ್ಕೂ ದಿಕ್ಕಲ್ಲಿ ನಿಂತು ಅಡ್ಡ ಬೀಳ್ತಾನೆ, ಗುರು ಯಾವ ಕಡೆ ತಿರುಗಿದ್ರೂ ಒಂದು ನಮಸ್ಕಾರ ಸಿಗಲೇಬೇಕು. ಸ್ವರ್ಗ ಪುಡಿ ಮಾಡೋಕೆ ಬಳಸಿದ ಅದೇ ಕೂದಲಿನ ವಿದ್ಯೆ ಇದು. ಆಮೇಲೆ ಶಾ ವುಜಿಂಗ್‌ಗೆ ಗುರುನ ಚೆನ್ನಾಗಿ ನೋಡ್ಕೋ ಅಂತ ಹೇಳಿ ಹೊರಡ್ತಾನೆ, ಸಮುದ್ರದ ಅಲೆ ಸದ್ದು ಕೇಳಿ ಗುರು ನೆನಪಾಗಿ ಅಳ್ತಾನೆ. ಮಂತ್ರದ ಭಯಕ್ಕೆ ಹಿಂಗೆ ಮಾಡ್ತಾರಾ?

ಆದ್ರೆ ಮುಂದಿನ ಅಧ್ಯಾಯದಲ್ಲೇ ಊರಿಗೆ ಹೋದವನು ತನ್ನ ಕೋತಿಗಳನ್ನ ಬೇಟೆ ಆಡಿದವರ ಮೇಲೆ ಬಿರುಗಾಳಿ ಎಬ್ಬಿಸಿ ಸಾವಿರಕ್ಕೂ ಹೆಚ್ಚು ಜನರನ್ನ ಸಾಯಿಸ್ತಾನೆ. ಬೆಳವಣಿಗೆ ಅನ್ನೋದು ಏಣಿ ಥರ ನೇರ ಇಲ್ಲ ಈ ಪುಸ್ತಕದಲ್ಲಿ. 31ರಲ್ಲಿ ಬಾಜಿಯೆ ಬಂದು ರೇಗಿಸಿ ಕರ್ಕೊಂಡು ಹೊರಟಾಗ ದಾರಿಯಲ್ಲಿ ತಡೆದು, ಇರು, ಸಮುದ್ರದಲ್ಲಿ ಸ್ನಾನ ಮಾಡಿ ಬರ್ತೀನಿ, ಇಷ್ಟು ದಿನ ಇಲ್ಲಿದ್ದು ಮೈಯೆಲ್ಲ ರಾಕ್ಷಸರ ವಾಸನೆ ಆಗಿದೆ, ಗುರುಗೆ ಶುಚಿ ಅಂದ್ರೆ ಇಷ್ಟ, ಬೇಜಾರು ಮಾಡ್ಕೊಂಡಾನು ಅಂತಾನೆ. ಇಡೀ ಪುಸ್ತಕದಲ್ಲಿ ಇವನು ಬದಲಾಗ್ತಿದ್ದಾನೆ ಅನ್ನೋಕೆ ನನಗೆ ಕಾಣೋ ಗಟ್ಟಿ ಸಾಕ್ಷಿ ಈ ಸ್ನಾನ. ಯಾರೂ ಮಾಡು ಅಂದಿಲ್ಲ. 56ರಲ್ಲಿ ಮತ್ತೆ ಕಳ್ಳರನ್ನ ಕೊಂದು ಮತ್ತೆ ಹೊರಗೆ ಹಾಕಿಸ್ಕೊಳ್ತಾನೆ, ಅದೇ ಹೊತ್ತಲ್ಲಿ ಆ ಪಡಿಯಚ್ಚು ಕೋತಿ ಹುಟ್ಕೊಳ್ಳೋದು, ಅಲ್ಲಿಂದಾಚೆ ಅವನನ್ನ ಯಾರೂ ಹೊರಗೆ ಹಾಕೋ ಪ್ರಸಂಗ ಬರಲ್ಲ.

87ನೇ ಅಧ್ಯಾಯ ಜನ ಜಾಸ್ತಿ ಮಾತಾಡಲ್ಲ, ಯಾಕಂದ್ರೆ ಅದರಲ್ಲಿ ಫೈಟ್ ಇಲ್ಲ. ಫೆಂಗ್‌ಶಿಯನ್ ಅನ್ನೋ ಊರಲ್ಲಿ ಮೂರು ವರ್ಷದಿಂದ ಮಳೆ ಇಲ್ಲ. ಅಲ್ಲಿನ ಅಧಿಕಾರಿ ಯಾವತ್ತೋ ಹೆಂಡತಿ ಜೊತೆ ಜಗಳ ಆಡಿ ಸಿಟ್ಟಲ್ಲಿ ಪೂಜೆಯ ಎಡೆಯನ್ನ ತಳ್ಳಿ ನಾಯಿಗೆ ತಿನ್ನಿಸಿದ್ದ. ದೇವಲೋಕದ ಚಕ್ರವರ್ತಿ ಅದಕ್ಕೆ ಇಟ್ಟ ಶಿಕ್ಷೆ ನೋಡೋಕೆ ವುಕಾಂಗ್ ಮೇಲಕ್ಕೆ ಹೋಗ್ತಾನೆ. ಅಲ್ಲಿ ನೂರು ಅಡಿ ಎತ್ತರದ ಅಕ್ಕಿ ಗುಡ್ಡ, ಪಕ್ಕದಲ್ಲಿ ಮುಷ್ಟಿ ಗಾತ್ರದ ಒಂದು ಕೋಳಿ, ಒಮ್ಮೆ ಬೇಗ ಒಮ್ಮೆ ನಿಧಾನ ಕುಕ್ಕಿ ತಿಂತಾ ಇದೆ. ಅದರ ಎರಡರಷ್ಟು ಎತ್ತರದ ಹಿಟ್ಟಿನ ಗುಡ್ಡ, ಒಂದು ಪುಟ್ಟ ನಾಯಿ ನೆಕ್ತಾ ಇದೆ. ಇನ್ನೊಂದು ಕಡೆ ಚಿನ್ನದ ಬೀಗ ನೇತಾಕಿದ್ದಾರೆ, ಅದರ ಬೆರಳು ದಪ್ಪದ ಸರಳಿನ ಕೆಳಗೆ ಒಂದು ದೀಪ. ಕೋಳಿ ಅಕ್ಕಿ ಮುಗಿಸಿ, ನಾಯಿ ಹಿಟ್ಟು ಮುಗಿಸಿ, ದೀಪ ಸರಳನ್ನ ಕರಗಿಸಿದ ಮೇಲೆ ಮಳೆ.

ಹಳೇ ವುಕಾಂಗ್ ಆಗಿದ್ರೆ ದೊಣ್ಣೆ ತೆಗೆದು ಗುಡ್ಡ ಒಡೆದು ಹಾಕ್ತಿದ್ದ. ಈಗ ಮುಖ ಸಪ್ಪೆ ಮಾಡ್ಕೊಂಡು ನಿಲ್ತಾನೆ. ಒಳ್ಳೇ ಮನಸ್ಸು ಒಂದು ಹುಟ್ಟಿದ್ರೆ ಗುಡ್ಡ ತಾನಾಗೇ ಬೀಳುತ್ತೆ ಅಂತ ಅಲ್ಲಿನ ದೇವತೆಗಳು ಹೇಳ್ತಾರೆ, ಕೆಳಗಿಳಿದು ಬಂದು ಆ ಅಧಿಕಾರಿಗೆ ಕೂತು ಬುದ್ಧಿ ಹೇಳ್ತಾನೆ, ಊರಿಗೆ ಊರೇ ಪ್ರಾರ್ಥನೆಗೆ ಕೂರುತ್ತೆ, ಗುಡ್ಡ ಕುಸಿಯುತ್ತೆ, ಮಳೆ ಬರುತ್ತೆ. 14ರಲ್ಲಿ ಆರು ಜನರನ್ನ ಚಚ್ಚಿ ನಕ್ಕವನು 87ರಲ್ಲಿ ಒಬ್ಬ ಸಿಡುಕ ಅಧಿಕಾರಿಯ ಮನಸ್ಸು ತಿರುಗಿಸ್ತಾನೆ. ಎರಡರ ಮೂಲದಲ್ಲೂ ಇರೋದು ಸಿಟ್ಟೇ, ಮೊದಲನೇ ಸಲ ಅವನದ್ದು, ಈ ಸಲ ಬೇರೆಯವನದ್ದು. ಹಾಗಂತ ಪುಸ್ತಕ ದೇವಲೋಕವನ್ನೂ ಬಿಟ್ಟಿಲ್ಲ, ಒಬ್ಬನ ತಪ್ಪಿಗೆ ಇಡೀ ಊರನ್ನ ಉಪವಾಸ ಕೆಡವಿದ್ದನ್ನ ಹೇಳಿ ಓದುಗರಿಗೇ ಬಿಟ್ಟಿದೆ.

ಗುರು ಮತ್ತೆ ಹಂದಿ

ಅಳೋ ಗುರು ಯಾಕೆ ಬೇಕಿತ್ತು ಅನ್ನೋದಕ್ಕೆ ಈಗ ಬರಬಹುದು. ವುಕಾಂಗ್ ಒಂದು ಲಾಗ ಹಾಕಿದ್ರೆ 1,08,000 ಲಿ (ಚೀನಾದ ದೂರದ ಅಳತೆ), ಬುದ್ಧ ಇರೋ ಜಾಗಕ್ಕೂ ಸರಿಯಾಗಿ ಅಷ್ಟೇ ದೂರ. ಹಂಗಿದ್ರೆ ಗುರುನ ಬೆನ್ನ ಮೇಲೆ ಹೊತ್ಕೊಂಡು ಹೋಗಿ ಬಂದುಬಿಡು ಅಂತ ಬಾಜಿಯೆ 22ನೇ ಅಧ್ಯಾಯದಲ್ಲಿ ಕೇಳ್ತಾನೆ, ನಮ್ಮೆಲ್ಲರ ಪರವಾಗಿ. ಮನುಷ್ಯನ ದೇಹ ಬೆಟ್ಟಕ್ಕಿಂತ ಭಾರ, ಆ ದಾರಿ ಅವನೇ ನಡೀಬೇಕು, ನಾವು ಪ್ರಾಣ ಉಳಿಸಬಹುದೇ ಹೊರತು ಅವನ ಬದಲು ಕಷ್ಟ ಅನುಭವಿಸೋಕೆ ಆಗಲ್ಲ ಅಂತ ಉತ್ತರ. ಶಕ್ತಿ ಇರೋ ಮನಸ್ಸು ಕ್ಷಣದಲ್ಲಿ ಎಲ್ಲಿಗಾದ್ರೂ ಹಾರುತ್ತೆ, ಜೊತೆಗಿರೋ ಈ ಹೆದರುಪುಕ್ಕಲು ಶರೀರ ಮಾತ್ರ ಒಂದೊಂದೇ ಹೆಜ್ಜೆ ಇಡಬೇಕು. 14 ವರ್ಷ ಹಿಡಿಯುತ್ತೆ.

ಆ 14 ವರ್ಷದಲ್ಲಿ ಇಬ್ಬರ ಜಾಗ ಅದಲು ಬದಲಾಗುತ್ತೆ. 85ರಲ್ಲಿ ಗುರು ಬೆಟ್ಟ ನೋಡಿ ಹೆದರಿದಾಗ, ಬುದ್ಧನ ಬೆಟ್ಟ ನಿನ್ನ ಮನಸ್ಸಲ್ಲೇ ಇದೆ, ದೂರ ಹುಡುಕಬೇಡ ಅನ್ನೋ ಪದ್ಯ ನೆನಪಿಸೋನು ಶಿಷ್ಯ. 93ರಲ್ಲಿ ಇಬ್ಬರೂ ಹೃದಯಸೂತ್ರ ಅನ್ನೋ ಬೌದ್ಧ ಗ್ರಂಥದ ಬಗ್ಗೆ ಮಾತಾಡ್ತಾ, ನನಗೆ ಅರ್ಥ ಗೊತ್ತು ಅಂತ ಹೇಳಿ ವುಕಾಂಗ್ ಸುಮ್ಮನಾಗ್ತಾನೆ, ಒಂದೂ ಮಾತಿಲ್ಲ. ಬಾಜಿಯೆ, ಶಾ ಇಬ್ಬರೂ ಬಿದ್ದು ಬಿದ್ದು ನಗ್ತಾರೆ. ಗುರು ಅವರನ್ನ ಗದರಿ, ಅವನಿಗೆ ಅರ್ಥ ಆಗಿರೋದು ಮಾತಿಲ್ಲದ್ದು, ಅದೇ ನಿಜವಾದ ಅರ್ಥ ಅಂತಾನೆ. ಬಿಳಿ ಎಲುಬಿನ ರಾಕ್ಷಸಿ ಹತ್ರ ಶಿಷ್ಯನ ಕಣ್ಣನ್ನ ನಂಬದ ಗುರು ಇಲ್ಲಿ ಶಿಷ್ಯನ ಮೌನಾನೂ ಓದ್ತಿದ್ದಾನೆ. ತಿದ್ದಿಸಿಕೊಂಡಿದ್ದು ಕೋತಿ ಒಂದೇ ಅಲ್ಲ.

ಹಾಗಂತ ಗುರು ಪೂರ್ತಿ ಸರಿ ಹೋದ ಅಂತಾನೂ ಪುಸ್ತಕ ಹೇಳಲ್ಲ. ವಾಪಸ್ ಬರೋವಾಗ ನದಿ ದಾಟಿಸ್ತಿದ್ದ ಆಮೆ, ನಾನು ಯಾವಾಗ ಮನುಷ್ಯ ಆಗ್ತೀನಿ ಅಂತ ಬುದ್ಧನ್ನ ಕೇಳಿ ಬಾ ಅಂದಿದ್ದೆನಲ್ಲ, ಕೇಳಿದ್ಯಾ ಅನ್ನುತ್ತೆ. ಮರೆತೇಬಿಟ್ಟಿದ್ದ. ಆಮೆ ಎಲ್ಲರನ್ನೂ ನೀರಿಗೆ ಕೆಡವುತ್ತೆ, 81ನೇ ಕಷ್ಟ ಅದು. ಒದ್ದೆ ಗ್ರಂಥ ಬಂಡೆ ಮೇಲೆ ಒಣಗಿಸೋಕೆ ಹೋದ್ರೆ ಕೊನೆಯ ಹಾಳೆ ಕಲ್ಲಿಗೆ ಅಂಟಿ ಹರಿದುಹೋಗುತ್ತೆ. ಗುರು ಪೇಚಾಡ್ತಿದ್ರೆ ವುಕಾಂಗ್ ಸಮಾಧಾನ ಹೇಳ್ತಾನೆ, ಭೂಮಿ ಆಕಾಶಾನೇ ಪೂರ್ತಿ ಇಲ್ಲ ಬಿಡಿ ಅಂತ.

ಬಾಜಿಯೆ ವಿಷಯ ಎರಡೇ ಮಾತು. ಅವನ ಹೊಟ್ಟೆ ಕೊನೆವರೆಗೂ ಬದಲಾಗಲ್ಲ, ಬುದ್ಧ ಅದನ್ನ ನೋಡಿ ಪೂಜೆ ಮುಗಿದ ಮೇಲೆ ಎಡೆ ಖಾಲಿ ಮಾಡೋ ಕೆಲಸ ಕೊಡ್ತಾನೆ. ಇದು ಶಿಕ್ಷೆನಾ ಬಹುಮಾನನಾ ಅಂತ ಓದುಗರು ಇನ್ನೂ ಕಿತ್ತಾಡ್ತಿದ್ದಾರೆ, ಅವನಂತೂ ಖುಷಿಯಾಗಿರ್ತಾನೆ ಬಿಡಿ.

ಹನುಮಂತನೇನಾ ಇವನು?

ನಮ್ಮ ಕಡೆ ಎಲ್ಲರೂ ಕೇಳೋದು ಇದನ್ನೇ. ಹೌದು ಅಂತ ಹು ಶಿ ಅಂದ, ಅಲ್ಲ, ಅಲ್ಲಿನದ್ದೇ ಒಂದು ನೀರಿನ ಕೋತಿ ರಾಕ್ಷಸನ ಕಥೆಯಿಂದ ಬಂದವನು ಅಂತ ಚೀನೀ ಲೇಖಕ ಲು ಶುನ್ ಅಂದ, ತೀರ್ಮಾನ ಆಗಿಲ್ಲ. ಆದ್ರೆ ಶೀಲದ ವಿಷಯಕ್ಕೆ ಬಂದ್ರೆ ಇಬ್ಬರಿಗೂ ಅಜಗಜಾಂತರ. ಹನುಮಂತ ರಾಮನ್ನ ಕಂಡ ದಿನದಿಂದ ಭಕ್ತ, ಅಹಂಕಾರದ ಕಡೆಯಿಂದ ಭಕ್ತಿಯ ಕಡೆಗೆ ಅವನು ನಡೆದು ಬರೋ ಕಥೆ ಅಲ್ಲಿಲ್ಲ. ವುಕಾಂಗ್ ಬುದ್ಧನ ಅಂಗೈ ಮೇಲೆ ನಿಂತು ಬೆರಳಿಗೆ ತನ್ನ ಹೆಸರು ಬರೆದು ಬುಡದಲ್ಲಿ ಉಚ್ಚೆ ಹುಯ್ದವನು. ಹನುಮಂತನ ಅಳತೆಗೋಲು ಹಿಡಿದು ಇವನನ್ನ ನೋಡಿದ್ರೆ ವಿಧೇಯತೆಯೇ ಗುರಿ ಅಂತ ಕಂಡುಬಿಡುತ್ತೆ, ಸಂಕೋಲೆ ವಾದ ನಮಗೂ ಸುಲಭಕ್ಕೆ ಒಪ್ಪಿಗೆ ಆಗೋದು ಅದಕ್ಕೇ.

ಮುಂದೇನಾಗುತ್ತೆ

ಮೊದಲನೇ ಪರಿಣಾಮ ಈಗಾಗಲೇ ಕಾಣ್ತಿದೆ. ಡ್ರ್ಯಾಗನ್ ಬಾಲ್ ಅನ್ನೋ ಜಪಾನಿ ಕಾರ್ಟೂನ್ ನೋಡಿ ಬೆಳೆದ ಹುಡುಗರಿಗೆ ಅದರ ಹೀರೋ ಗೋಕು ಗೊತ್ತು, ಆ ಹೆಸರು ವುಕಾಂಗ್‌ದೇ ಜಪಾನಿ ಉಚ್ಚಾರ ಅನ್ನೋದು ಗೊತ್ತಿಲ್ಲ. ಹಂಗೇ ಗೇಮ್ ಆಡಿದ ಕೋಟ್ಯಂತರ ಜನಕ್ಕೆ ವುಕಾಂಗ್ ಅಂದ್ರೆ ಪದವಿ ಬಿಸಾಕಿದವನು. 100 ಅಧ್ಯಾಯ ಓದೋರು ಎಷ್ಟು ಜನ, 40 ಗಂಟೆ ಗೇಮ್ ಆಡೋರು ಎಷ್ಟು ಜನ, ಲೆಕ್ಕ ನೀವೇ ಹಾಕಿ. ಆ ಗೇಮ್ ಮಾಡಿದ ಕಂಪನಿ 2025ರ ಆಗಸ್ಟಲ್ಲಿ ಮುಂದಿನ ಗೇಮ್ ಅನೌನ್ಸ್ ಮಾಡಿದೆ, ಈ ಸಲ ಕೋತಿ ಅಲ್ಲ, ದೆವ್ವ ಹಿಡಿಯೋ ಝಾಂಗ್ ಕುಯಿ.

ಎರಡನೇದು, ಪಟ್ಟಿ ಕಿತ್ತೆಸೆಯೋ ದೃಶ್ಯ ಜಾಸ್ತಿ ಆದಷ್ಟೂ ಪುಸ್ತಕದ ಆ ದೃಶ್ಯ ಮರೆತು ಹೋಗುತ್ತೆ. ಅಲ್ಲಿ ಪಟ್ಟಿಯನ್ನ ಯಾರೂ ಕೀಳೋದೇ ಇಲ್ಲ. 100ನೇ ಅಧ್ಯಾಯದಲ್ಲಿ ಎಲ್ಲರಿಗೂ ಪದವಿ ಸಿಕ್ಕಿದ ಮೇಲೆ ವುಕಾಂಗ್ ಗುರುಗೆ, ಈಗ ನಾನೂ ನಿನ್ನ ಥರಾನೇ ಬುದ್ಧ ಆದೆ, ಇನ್ನೂ ಈ ಪಟ್ಟಿ ಹಾಕ್ಕೊಂಡಿರಬೇಕಾ, ಮಂತ್ರ ಹೇಳಿ ಸಡಿಲ ಮಾಡು, ತೆಗೆದು ಪುಡಿ ಪುಡಿ ಮಾಡಿಬಿಡ್ತೀನಿ ಅಂತಾನೆ. ಸಿಟ್ಟು ನೋಡಿ, ಇನ್ನೂ ಇದೆ! ಗುರು ಹೇಳ್ತಾನೆ, ಬುದ್ಧ ಆದ ಮೇಲೆ ತಲೆ ಮೇಲೆ ಪಟ್ಟಿ ಎಲ್ಲಿಂದ ಬರುತ್ತೆ, ಮುಟ್ಟಿ ನೋಡ್ಕೋ. ಕೈ ಎತ್ತಿ ಮುಟ್ಟಿದ್ರೆ ಏನೂ ಇಲ್ಲ. ಯಾವಾಗ ಹೋಯ್ತು ಅಂತ ಅವನಿಗೇ ಗೊತ್ತಿಲ್ಲ.

ಮೂರನೇದು ಆ ಹಂದಿ ಸಿನಿಮಾದಿಂದ ಬರ್ತಿರೋದು, ಜಗಳಕ್ಕೆ ಹೊಸ ದಾರಿ ಸಿಗೋದಾದ್ರೆ ಇಲ್ಲೇ ಅನ್ಸುತ್ತೆ. ಆ ನಾಲ್ಕು ಜನ ವುಕಾಂಗ್ ತಂಡದ ವೇಷ ಹಾಕ್ಕೊಂಡು, ಪಶ್ಚಿಮಕ್ಕೆ ಹೋಗಿ ಗ್ರಂಥ ತಂದು ಅಮರರಾಗೋಣ ಅಂತ ಹೊರಟ ನಕಲಿಗಳು. ದಾರಿಯಲ್ಲಿ ನಕಲಿ ದೇವಸ್ಥಾನದ ಹಳದಿ ಹುಬ್ಬಿನವನ ಕೈಗೆ ಸಿಕ್ಕ ಮಕ್ಕಳನ್ನ ಉಳಿಸೋಕೆ ವರ್ಷಾನುಗಟ್ಟಲೆ ಕಷ್ಟಪಟ್ಟು ಗಳಿಸಿದ ಶಕ್ತಿಯೆಲ್ಲ ಸುರಿದುಬಿಡ್ತಾರೆ, ಕೊನೆಗೆ ಮಾತು ಬಾರದ ಮಾಮೂಲಿ ಪ್ರಾಣಿಗಳಾಗಿ ಉಳೀತಾರೆ. ಆ ಹಂದಿ ತಲೆ ಮೇಲೆ ಯಾವ ಪಟ್ಟಿನೂ ಇರಲಿಲ್ಲ, ಪದವಿ ಕೊಡ್ತೀನಿ ಅಂತ ಯಾರೂ ಹೇಳಿರಲಿಲ್ಲ, ಮಂತ್ರ ಹೇಳೋಕೆ ಹಿಂದೆ ಗುರುನೂ ಇರಲಿಲ್ಲ.